ಐದು ಎಕರೆ ಸಾವಯವ ಮಾಡಿದ ಕತೆ: ಪಹಣಿಯಿಂದ ಪ್ರಮಾಣಪತ್ರದ ತನಕ

ತುರುವೇಕೆರೆ ಕಡೆಯ ನಮ್ಮ ತೋಟದ ತೆಂಗಿಗೆ ಕೊನೆಗೂ ಪೂರ್ತಿ ಸಾವಯವ ಅಂತ ಪ್ರಮಾಣಪತ್ರ ಬಂದಿದೆ. ರಾಗಿ ಹೊಲಕ್ಕೆ ಒಂದು ವರ್ಷ ಮೊದಲೇ ಸಿಕ್ಕಿತ್ತು. ಕೇಳಿದವರಿಗೆಲ್ಲ ಫೋನಿನಲ್ಲಿ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ, ಅದಕ್ಕೇ ಒಂದು ಕಡೆ ಬರೆದಿಡುತ್ತಿದ್ದೇನೆ. ಸಾವಯವ ಒಳ್ಳೆಯದೋ ಕೆಟ್ಟದ್ದೋ ಅನ್ನುವ ಭಾಷಣ ಇದರಲ್ಲಿ ಇಲ್ಲ. ದುಡ್ಡು ಯಾವ ಹೊತ್ತಿನಲ್ಲಿ ಕೈಬಿಡುತ್ತದೆ, ಯಾವ ಕಾಗದಕ್ಕೆ ಅಲೆಯಬೇಕಾಗುತ್ತದೆ, ಮಣ್ಣಿಗೆ ನಿಜವಾಗಿ ಏನಾಗುತ್ತದೆ, ಇಷ್ಟೇ.

ನಮ್ಮದು ಐದು ಎಕರೆ. ಮೂರು ಎಕರೆ ತೆಂಗು, ಒಂದು ಬೋರ್‌ವೆಲ್. ಉಳಿದ ಎರಡು ಎಕರೆ ಮಳೆ ನಂಬಿದ ರಾಗಿ ಹೊಲ. 2021ರಲ್ಲಿ ಗೊಬ್ಬರದ ಅಂಗಡಿಯ ಲೆಕ್ಕ ತೀರಿಸಿ ಬಂದ ದಿನ ಈ ಯೋಚನೆ ಗಟ್ಟಿಯಾಯಿತು. ಮಣ್ಣು ಎಷ್ಟು ಗಟ್ಟಿಯಾಗಿತ್ತು ಎಂದರೆ ಮಳೆ ಬಂದು ಎರಡೇ ದಿನಕ್ಕೆ ಮೇಲೆ ಪದರ ಕಟ್ಟುತ್ತಿತ್ತು. ಅದೇ ವರ್ಷ ಶ್ರೀಲಂಕಾ ಸರ್ಕಾರ ರಾತ್ರೋರಾತ್ರಿ ರಸಗೊಬ್ಬರದ ಆಮದು ನಿಲ್ಲಿಸಿ, ಬೆಳೆ ಕೈಕೊಟ್ಟ ಮೇಲೆ ನವೆಂಬರ್‌ನಲ್ಲಿ ಆದೇಶ ವಾಪಸ್ ತೆಗೆದುಕೊಂಡಿತ್ತು. ಪಕ್ಕದ ತೋಟದ ಅಣ್ಣ ಪೇಪರ್ ಹಿಡಿದುಕೊಂಡೇ ಬಂದರು. "ನೋಡಪ್ಪಾ, ಒಂದು ದೇಶಾನೇ ಮಕಾಡೆ ಮಲಗ್ತು. ನೀನು ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಹೂ ಅಂತಿದ್ದೀಯ" ಅಂದರು. ಅವರ ಮಾತಿನಲ್ಲಿ ಅರ್ಧ ನಿಜ ಇತ್ತು. ಒಂದೇ ಏಟಿಗೆ ಎಲ್ಲ ನಿಲ್ಲಿಸುವುದು ಬೇರೆ, ಮಣ್ಣಿಗೆ ಗೊಬ್ಬರದ ದಾರಿ ಮಾಡಿಟ್ಟು ನಿಲ್ಲಿಸುವುದು ಬೇರೆ. ಹಾಗಾಗಿ ಆ ವರ್ಷವೇ ತೆಂಗಿನ ಸಾಲುಗಳ ಮಧ್ಯೆ ಹಸಿರೆಲೆ ಗೊಬ್ಬರಕ್ಕೆ ಅಂತ ಸೆಣಬು, ಡಯಂಚ ಬಿತ್ತಿ ಹೂ ಬರುವ ಹೊತ್ತಿಗೆ ಮಡಿಸಿ ಉತ್ತೆವು. ಬದುವಿನ ಮೇಲೆಲ್ಲ ಸೊಪ್ಪಿನ ಗೊಬ್ಬರಕ್ಕೆ ಆಗುವ ಗ್ಲಿರಿಸಿಡಿಯ ಗಿಡದ ಕಡ್ಡಿ ನೆಟ್ಟೆವು.

ಪ್ರಮಾಣಪತ್ರಕ್ಕೆ ಎರಡು ದಾರಿ ಇವೆ. ಒಂದು ಪಿಜಿಎಸ್, ಅಂದರೆ ರೈತರೇ ಸೇರಿ ಒಬ್ಬರಿಗೊಬ್ಬರು ಖಾತ್ರಿ ಕೊಡುವ ಪದ್ಧತಿ. ಇದು ಕೃಷಿ ಇಲಾಖೆಯ ಕಡೆಯದು. ಕನಿಷ್ಠ ಐದು ಜನ ರೈತರು ಗುಂಪು ಮಾಡಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸುತ್ತಾರೆ. ಖರ್ಚು ತೀರಾ ಕಡಿಮೆ, ಆದರೆ ಆ ಪತ್ರ ಇಟ್ಟುಕೊಂಡು ಹೊರದೇಶಕ್ಕೆ ಮಾರಲು ಆಗುವುದಿಲ್ಲ. ಇನ್ನೊಂದು ಎನ್‌ಪಿಒಪಿ, ಅಂದರೆ ಸಾವಯವ ಉತ್ಪಾದನೆಯ ರಾಷ್ಟ್ರೀಯ ಕಾರ್ಯಕ್ರಮ. 2001ರಿಂದ ಇದೆ, ನೋಡಿಕೊಳ್ಳುವುದು ಕೇಂದ್ರ ವಾಣಿಜ್ಯ ಇಲಾಖೆಯ ಕೃಷಿ ರಫ್ತು ಸಂಸ್ಥೆ ಅಪೆಡಾ. ಮಾನ್ಯತೆ ಪಡೆದ ಸಂಸ್ಥೆಯ ಇನ್‌ಸ್ಪೆಕ್ಟರ್ ಬಂದು ನೋಡುತ್ತಾರೆ. ಇಂಥ ಸಂಸ್ಥೆಗಳಲ್ಲಿ ಖಾಸಗಿಯವೂ ಇವೆ, ನಮ್ಮ ರಾಜ್ಯದ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆಯೂ ಇದೆ. ಒಬ್ಬನೇ ಮಾಡಿಸಿದರೆ ವರ್ಷಕ್ಕೆ ಮೂವತ್ತು ಸಾವಿರದ ಆಸುಪಾಸು ಆಗುತ್ತದೆ ಅಂತ ಒಂದು ಕಡೆ ಹೇಳಿದರು. ಐದು ಎಕರೆಯವನಿಗೆ ಅದು ಹುಡುಗಾಟವಲ್ಲ. ಗುಂಪಾಗಿ ಹೋದರೆ ಖರ್ಚು ಹಂಚಿಹೋಗುತ್ತದೆ. ಅದಕ್ಕೆ ಕನಿಷ್ಠ 25 ಜನ ಬೇಕು. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಆಗಲೇ ಒಂದು ಗುಂಪು ಇತ್ತು, ತೆಂಗಿನಕಾಯಿ ಕೊಳ್ಳುವ ಕಂಪನಿಯೊಂದು ಅವರ ಜೊತೆ ಮಾತಾಡುತ್ತಿತ್ತು. ನಾವೂ ಸೇರಿದೆವು.

ಸೇರುವುದು ಸುಲಭ, ಕಾಗದ ಕೊಡುವುದು ಕಷ್ಟ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಫ್ರೂಟ್ಸ್ ಐಡಿ (ಸರ್ಕಾರ ರೈತರಿಗೆ ಕೊಡುವ ನೋಂದಣಿ ನಂಬರ್), ಹೊಲದ ನಕ್ಷೆ, ಹಿಂದಿನ ವರ್ಷಗಳಲ್ಲಿ ಏನು ಬೆಳೆದಿರಿ, ಏನು ಹಾಕಿದಿರಿ ಅನ್ನುವ ಪಟ್ಟಿ, ಮಣ್ಣು ಮತ್ತು ನೀರಿನ ಪರೀಕ್ಷೆಯ ವರದಿ. ಇವೆಲ್ಲ ಹೇಗೋ ಆದವು. ಸಿಕ್ಕಿಹಾಕಿಕೊಂಡದ್ದು ಪಹಣಿಯಲ್ಲಿ. ಅಪ್ಪ ತೀರಿಹೋಗಿ ವರ್ಷಗಳಾಗಿದ್ದರೂ ಪಹಣಿ ಅವರ ಹೆಸರಿನಲ್ಲೇ ಇತ್ತು. ಪೌತಿ ಖಾತೆ ಆಗದೆ, ಅಂದರೆ ತೀರಿಹೋದವರ ಜಮೀನು ವಾರಸುದಾರರ ಹೆಸರಿಗೆ ಬಾರದೆ, ಮುಂದಕ್ಕೆ ಹೋಗುವ ಹಾಗಿಲ್ಲ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಅಮ್ಮನ ಸಹಿ, ಬೆಂಗಳೂರಿನ ತಮ್ಮನ ಸಹಿ, ಮದುವೆಯಾಗಿ ಹೋದ ತಂಗಿಯ ಸಹಿ. ವಂಶವೃಕ್ಷದಲ್ಲಿ ತಂಗಿಯ ಹೆಸರು ಒಂಥರಾ, ಆಧಾರ್‌ನಲ್ಲಿ ಇನ್ನೊಂಥರಾ. ಅದನ್ನು ಸರಿಮಾಡಿಸುವ ಹೊತ್ತಿಗೆ ಮಳೆಗಾಲ ಮುಗಿದು ಸುಗ್ಗಿಯೂ ಮುಗಿದಿತ್ತು. ಮ್ಯುಟೇಶನ್ ಆಗಿ ಹೊಸ ಪಹಣಿ ಕೈಗೆ ಬಂದದ್ದು 2022ರ ಬೇಸಿಗೆಗೆ.

ಈ ತಡ ಯಾಕೆ ದುಬಾರಿ ಅಂತ ಹೇಳುತ್ತೇನೆ. ಪರಿವರ್ತನೆಯ ಅವಧಿ ಅಂತ ಒಂದಿದೆ, ರಾಸಾಯನಿಕ ಬಿಟ್ಟು ಪೂರ್ತಿ ಸಾವಯವ ಅನ್ನಿಸಿಕೊಳ್ಳುವ ತನಕ ಕಾಯಬೇಕಾದ ಕಾಲ. ರಾಗಿಯಂಥ ವರ್ಷದ ಬೆಳೆಗೆ ಬಿತ್ತನೆಗೆ ಮೊದಲು ಎರಡು ವರ್ಷ, ತೆಂಗಿನಂಥ ಬಹುವರ್ಷದ ಬೆಳೆಗೆ ಕೊಯ್ಲಿಗೆ ಮೊದಲು ಮೂರು ವರ್ಷ. ಈ ಲೆಕ್ಕ ನಾವು ಯೂರಿಯಾ ನಿಲ್ಲಿಸಿದ ದಿನದಿಂದ ಶುರುವಾಗುವುದಿಲ್ಲ, ಹೆಸರು ನೋಂದಾಯಿಸಿದ ದಿನದಿಂದ ಶುರುವಾಗುತ್ತದೆ. ಮೊದಲೇ ನಿಲ್ಲಿಸಿದ್ದೆವು ಅನ್ನುವುದಕ್ಕೆ ಗಟ್ಟಿ ದಾಖಲೆ ಇದ್ದರೆ ಬೇರೆ ಮಾತು. ನಮ್ಮ ಹತ್ತಿರ ಇರಲಿಲ್ಲ. ಹಾಗಾಗಿ ಸಾವಯವದ ಯೋಚನೆ ಇರುವವರು ಬೀಜ, ಗೊಬ್ಬರ ಅಂತ ಓಡಾಡುವ ಮುಂಚೆ ಪಹಣಿ ಯಾರ ಹೆಸರಲ್ಲಿದೆ ನೋಡಿಕೊಳ್ಳಿ. ಅಣ್ಣತಮ್ಮಂದಿರ ಜಂಟಿ ಖಾತೆ ಇದ್ದು, ಒಬ್ಬರು ಮಾತ್ರ ಸಾವಯವ ಮಾಡುವುದಾದರೆ ಪಾಲಿನ ನಕ್ಷೆಯನ್ನೂ ಮೊದಲೇ ಮಾಡಿಸಿಕೊಳ್ಳಿ.

2022ರ ಮುಂಗಾರಿಗೆ ಮೊದಲ ತೊಡಕು ಬೀಜದ್ದು. ಅಂಗಡಿಯಲ್ಲಿ ಸಿಗುವ ರಾಗಿ ಬೀಜಕ್ಕೆ ಔಷಧಿಯ ಉಪಚಾರ ಆಗಿರುತ್ತದೆ, ಬಣ್ಣ ನೋಡಿದರೇ ಗೊತ್ತಾಗುತ್ತದೆ. ಸಾವಯವದಲ್ಲಿ ಅದು ನಡೆಯುವುದಿಲ್ಲ. ಅಮ್ಮ ವಾಡೆಯಲ್ಲಿ ಇಟ್ಟಿದ್ದ ಜಿಪಿಯು 28 ಅನ್ನುವ ರಾಗಿ ತಳಿಯ ಬೀಜವನ್ನೇ ತೆಗೆದೆವು. ಕೂರಿಗೆಯಲ್ಲಿ ಬಿತ್ತಿ, ಬಿಟ್ಟುಹೋಗಿದ್ದ ಅಕ್ಕಡಿ ಸಾಲನ್ನೂ, ಅಂದರೆ ರಾಗಿಯ ಮಧ್ಯೆ ಬೇರೆ ಬೆಳೆಯ ಸಾಲನ್ನೂ, ವಾಪಸ್ ತಂದೆವು. ಅವರೆ, ತೊಗರಿ, ಅಲಸಂದೆ, ಅಂಚಿಗೆ ಹುಚ್ಚೆಳ್ಳು.

ಆ ವರ್ಷ ಸುರಿದ ಮಳೆ ನೆನಪಿದೆ ಅಲ್ವಾ? ರಾಗಿಗಿಂತ ಕಳೆ ಎತ್ತರಕ್ಕೆ ಬೆಳೆಯಿತು. ಹೊಲ ಆರದೆ ಕುಂಟೆ ಹೊಡೆಯಲು ಆಗಲಿಲ್ಲ. ಕಳೆನಾಶಕ ಮುಟ್ಟುವ ಹಾಗಿಲ್ಲ. ಕೈಯಲ್ಲೇ ಕೀಳಿಸಬೇಕು. ಕಳೆ ಕೀಳುವ ಹೆಂಗಸರಿಗೆ ದಿನಕ್ಕೆ ನಾನೂರು ರೂಪಾಯಿ, ಜೊತೆಗೆ ಊಟ, ಟೀ. ಎರಡು ಎಕರೆಗೆ ಎರಡು ಸುತ್ತು ತೆಗೆಸುವಷ್ಟರಲ್ಲಿ ಹದಿನೈದು ಸಾವಿರ ಹೋಯಿತು. ಎಕರೆಗೆ ಹನ್ನೆರಡು ಕ್ವಿಂಟಲ್ ಬರುತ್ತಿದ್ದ ಕಡೆ ಎಂಟು ಬಂತು. ಆ ವರ್ಷದ ರಾಗಿ ಬೆಂಬಲ ಬೆಲೆ ಕ್ವಿಂಟಲ್‌ಗೆ 3,578 ರೂಪಾಯಿ. ಎರಡು ಎಕರೆಯಿಂದ ಎಂಟು ಕ್ವಿಂಟಲ್ ಖೋತಾ ಅಂದರೆ ಇಪ್ಪತ್ತೆಂಟು ಸಾವಿರಕ್ಕೂ ಜಾಸ್ತಿ. ಪರಿವರ್ತನೆಯಲ್ಲಿ ಇರುವ ಬೆಳೆಯನ್ನು ಸಾವಯವ ಅಂತ ಮಾರುವ ಹಾಗೂ ಇಲ್ಲ. ಖರ್ಚು ಸಾವಯವದ್ದು, ಬೆಲೆ ಎಲ್ಲರದ್ದು. ಸಾವಯವ ಬಿಟ್ಟವರಲ್ಲಿ ಹೆಚ್ಚಿನವರು ಈ ಎರಡು ಮೂರು ವರ್ಷದ ಮಧ್ಯೆಯೇ ಬಿಟ್ಟಿರುವುದನ್ನು ನಾನು ನಮ್ಮ ಗುಂಪಿನಲ್ಲೇ ನೋಡಿದೆ.

ಗೊಬ್ಬರದ ಖರ್ಚು ಉಳಿಯುತ್ತದಲ್ಲ ಅಂತ ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ 45 ಕಿಲೋ ಯೂರಿಯಾ ಚೀಲಕ್ಕೆ ರೈತ ಕೊಡುವುದು ಸುಮಾರು 266 ರೂಪಾಯಿ, ಉಳಿದದ್ದು ಸಬ್ಸಿಡಿ. ಒಂದು ಟ್ರ್ಯಾಕ್ಟರ್ ಲೋಡ್ ಕೊಟ್ಟಿಗೆ ಗೊಬ್ಬರಕ್ಕೆ ಐದು ಸಾವಿರ. ಅದೂ ಸಿಕ್ಕರೆ. ಊರಲ್ಲಿ ದನ ಕಡಿಮೆಯಾಗಿವೆ, ಇರುವ ಗೊಬ್ಬರವನ್ನು ಮಲೆನಾಡಿನ ಕಾಫಿ, ಶುಂಠಿಯವರು ಲಾರಿಯಲ್ಲಿ ತುಂಬಿಕೊಂಡು ಹೋಗುತ್ತಾರೆ. ದೊಡ್ಡ ಕೋಳಿ ಫಾರಂ ಗೊಬ್ಬರ ಅಗ್ಗ, ಆದರೆ ಸಾವಯವ ನಿಯಮ ಅದನ್ನು ಒಪ್ಪುವುದಿಲ್ಲ. ಕೊನೆಗೆ ನಾವು ಎರಡು ನಾಟಿ ಹಸು ಕಟ್ಟಿಕೊಂಡೆವು. ಮಣ್ಣಿಗೆ ಹಾಕುವ ದ್ರವ ಗೊಬ್ಬರ ಜೀವಾಮೃತ ಮನೆಯಲ್ಲೇ ಆಗುತ್ತದೆ. ಇನ್ನೂರು ಲೀಟರ್ ನೀರಿಗೆ ಹತ್ತು ಕಿಲೋ ಸಗಣಿ, ಐದರಿಂದ ಹತ್ತು ಲೀಟರ್ ಗಂಜಲ, ಎರಡು ಕಿಲೋ ಬೆಲ್ಲ, ಎರಡು ಕಿಲೋ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಎರಡು ದಿನ ನೆರಳಲ್ಲಿ ಇಟ್ಟು ಕಲಕುತ್ತಿರಬೇಕು. ಬೆಲ್ಲ, ಹಿಟ್ಟು ಸೇರಿ ಒಂದು ಡ್ರಮ್ಮಿಗೆ ಇನ್ನೂರು ಇನ್ನೂರೈವತ್ತು ರೂಪಾಯಿ. ಇದರಿಂದ ಮಣ್ಣು ಚುರುಕಾಗುತ್ತದೆ ಅನ್ನುವುದು ನಿಜ. ಆದರೆ ಜೀವಾಮೃತ ಒಂದೇ ಸಾಕು, ಗೊಬ್ಬರವೇ ಬೇಡ ಅನ್ನುವವರ ಮಾತನ್ನು ನಾನು ನಂಬುವುದಿಲ್ಲ. ಹಸಿರೆಲೆ, ಕಾಳಿನ ಬೆಳೆ, ಕೊಟ್ಟಿಗೆ ಗೊಬ್ಬರ ಇದರ ಜೊತೆಗೆ ಬೇಕೇ ಬೇಕು.

ಕೇಂದ್ರದ ಪರಂಪರಾಗತ ಕೃಷಿ ವಿಕಾಸ ಯೋಜನೆಯಲ್ಲಿ ಹೆಕ್ಟೇರಿಗೆ ಮೂರು ವರ್ಷಕ್ಕೆ 31,500 ರೂಪಾಯಿ ಇದೆ, ಅದರಲ್ಲಿ ರೈತನ ಖಾತೆಗೆ ನೇರವಾಗಿ ಬರುವುದು 15,000. ಮೂರು ವರ್ಷಕ್ಕೆ ಹಂಚಿ ನೋಡಿ, ಒಂದು ಸುತ್ತು ಕಳೆ ಕೂಲಿಗೂ ಸಾಲದು. ಸಿಕ್ಕರೆ ಒಳ್ಳೆಯದು, ಅದನ್ನು ನಂಬಿಕೊಂಡು ಇಳಿಯಬೇಡಿ.

ಮೊದಲ ಇನ್‌ಸ್ಪೆಕ್ಷನ್ ಬಗ್ಗೆ ಹೇಳಲೇಬೇಕು. ಹೊಲ, ತೋಟ ಚೆನ್ನಾಗಿಟ್ಟರೆ ಸಾಕು ಅಂದುಕೊಂಡಿದ್ದೆವು. ಬಂದವರು ಮೊದಲು ಕೇಳಿದ್ದು ಮನೆಯ ಉಗ್ರಾಣ. ಅಲ್ಲಿ ರಾಗಿ ಇದ್ದದ್ದು ಹಳೇ ಯೂರಿಯಾ ಚೀಲದಲ್ಲಿ! ನಮ್ಮ ಕಡೆ ಯಾರ ಮನೆಯಲ್ಲಿ ಯೂರಿಯಾ ಚೀಲ ಇಲ್ಲ ಹೇಳಿ? ಒಗೆದು, ಒಣಗಿಸಿ, ರಾಗಿಯಿಂದ ಹಿಡಿದು ಹುಣಸೆಹಣ್ಣಿನ ತನಕ ಅದರಲ್ಲೇ ತುಂಬುತ್ತೇವೆ. "ಇದು ಆಗಲ್ಲ ಯಜಮಾನ್ರೇ, ಗೋಣಿಚೀಲ ತಗೊಳ್ಳಿ" ಅಂದರು. ಆಮೇಲೆ ರಾಗಿ ಒಕ್ಕುವ ಮಷಿನ್ ಯಾರದ್ದು, ನಮ್ಮ ರಾಗಿ ಹಾಕುವ ಮೊದಲು ಅದನ್ನು ಶುಚಿ ಮಾಡಿದಿರಾ, ಅದಕ್ಕೆ ದಾಖಲೆ ಇದೆಯಾ ಅಂತ ಕೇಳಿದರು. ಔಷಧಿ ಹೊಡೆಯುವ ಪಂಪ್ ಬೇರೆಯವರಿಗೆ ಕೊಡುತ್ತೀರಾ ಅಂತಲೂ ಕೇಳಿದರು. ಕೊಡಬಾರದು, ತರಲೂ ಬಾರದು. ಪಂಪ್ ಸ್ವಂತದ್ದೇ ಇರಬೇಕು. ಎಲ್ಲಕ್ಕಿಂತ ಮುಖ್ಯ ಹೊಲದ ಡೈರಿ. ಯಾವತ್ತು ಉತ್ತಿರಿ, ಏನು ಹಾಕಿದಿರಿ, ಎಲ್ಲಿಂದ ತಂದಿರಿ, ರಸೀದಿ ಎಲ್ಲಿ. ನಮ್ಮ ಮನೆಯಲ್ಲಿ ಇದನ್ನು ಬರೆದವಳು ಹತ್ತನೇ ಕ್ಲಾಸಿನ ಮಗಳು. ಅವಳ ಡೈರಿ ನೋಡಿ ಇನ್‌ಸ್ಪೆಕ್ಟರ್ ಸಾರ್ ಖುಷಿಪಟ್ಟರು.

ಇಲ್ಲೇ ಇನ್ನೊಂದು ಮಾತು. ಸಾವಯವ ಟಾನಿಕ್, ಬಯೋ ಅಂತ ಅಂಗಡಿಯಲ್ಲಿ ಕೊಡುವ ಬಾಟಲಿಗಳನ್ನು ಕಣ್ಣುಮುಚ್ಚಿ ತರಬೇಡಿ. ಕೆಲವಕ್ಕೆ ಒಳಗೆ ಏನಿದೆ ಅನ್ನುವ ಲೇಬಲ್ಲೇ ಇರುವುದಿಲ್ಲ. ಹೊಡೆಯುವ ಮುಂಚೆ ಪ್ರಮಾಣಪತ್ರ ಕೊಡುವವರನ್ನು ಕೇಳಿ, ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ಆಮೇಲೆ ಲ್ಯಾಬ್‌ನಲ್ಲಿ ಕೀಟನಾಶಕದ ಅಂಶ ಸಿಕ್ಕಿತು ಅಂದರೆ ಕಳೆದ ವರ್ಷಗಳೆಲ್ಲ ನೀರಿಗೆ ಹೋಗುತ್ತವೆ.

ಲ್ಯಾಬ್ ಭಯಕ್ಕೆ ದೊಡ್ಡ ಕಾರಣ ಪಕ್ಕದ ತೋಟ. ಅಣ್ಣ ಬದುವಿನ ಹುಲ್ಲಿಗೆ ಕಳೆನಾಶಕ ಹೊಡೆಯುತ್ತಿದ್ದರು, ಗಾಳಿಗೆ ಅದು ನಮ್ಮ ಕಡೆ ತೇಲಿ ಬರುತ್ತಿತ್ತು. ಜಗಳ ಮಾಡಿದರೆ ನಾಳೆ ದಾರಿಗೂ ನೀರಿಗೂ ಅವರ ಮುಖವನ್ನೇ ನೋಡಬೇಕು. ಆ ಬದುವಿನ ಉದ್ದಕ್ಕೂ ನೇಪಿಯರ್ ಹುಲ್ಲು ಹಾಕಿ, ಮೇವು ನೀವೇ ಕುಯ್ದುಕೊಳ್ಳಿ ಅಂದೆ. ಅವರ ಎಮ್ಮೆಗೆ ಮೇವಾಯಿತು, ನಮಗೆ ಬೇಲಿಯಾಯಿತು, ಔಷಧಿ ಹೊಡೆಯುವುದು ಬದುವಿನಿಂದ ಆಚೆಗೆ ಸರಿಯಿತು. ಆದರೂ ಅಂಚಿನ ಒಂದು ಸಾಲು ತೆಂಗನ್ನು ಬಫರ್ ಅಂತ, ಅಂದರೆ ಪಕ್ಕದ ಔಷಧಿ ತಡೆಯುವ ಅಂತರ ಅಂತ, ಬಿಡಬೇಕಾಯಿತು. ಆ ಮರಗಳ ಕಾಯಿ ಬೇರೆ ಕೀಳಿಸಬೇಕು, ಬೇರೆ ರಾಶಿ ಹಾಕಬೇಕು, ಮಾಮೂಲಿ ಕಾಯಿ ಅಂತಲೇ ಮಾರಬೇಕು. ಸಣ್ಣ ಹಿಡುವಳಿಗೆ ಇದು ಸಣ್ಣ ನಷ್ಟವಲ್ಲ.

2023 ಬರದ ವರ್ಷ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ರಾಗಿ ತೆನೆ ಕಟ್ಟುವ ಹೊತ್ತಿಗೆ ಒಣಗಿತು. ನಮ್ಮದೂ ಒಣಗಿತು, ಸಾವಯವ ಅಂತ ಮುಗಿಲೇನೂ ಕರುಣೆ ತೋರಿಸಲಿಲ್ಲ. ವ್ಯತ್ಯಾಸ ಇದ್ದದ್ದು ಲೆಕ್ಕದಲ್ಲಿ. ಅಕ್ಕಡಿಯ ತೊಗರಿ, ಅವರೆ ಹಿಂಗಾರಿನ ಒಂದೆರಡು ಹದ ಮಳೆಗೆ ಸುಧಾರಿಸಿಕೊಂಡು ಮನೆಗಾಗುವಷ್ಟು ಬಂದವು. ಅಂಗಡಿಯಲ್ಲಿ ಬಾಕಿ ಇರಲಿಲ್ಲ. ಬೆಳೆ ಹೋದಾಗ ಜೊತೆಗೆ ಸಾಲವೂ ಉಳಿಯುವುದಿಲ್ಲ ಅನ್ನುವುದು ಎಷ್ಟು ದೊಡ್ಡ ನೆಮ್ಮದಿ ಅಂತ ಆ ವರ್ಷ ಗೊತ್ತಾಯಿತು.

ತೆಂಗಿಗೆ ಬಂದದ್ದು ಬೇರೆ ಪರೀಕ್ಷೆ. ಬೇಸಿಗೆಯಲ್ಲಿ ಕಪ್ಪು ತಲೆ ಹುಳು ಬಿತ್ತು. ಗರಿಗಳೆಲ್ಲ ಬೆಂಕಿ ತಗುಲಿದ ಹಾಗೆ ಕಂದಿದವು. ಹಿಂದೆ ಇದಕ್ಕೆ ಬೇರಿಗೆ ಮೋನೋಕ್ರೋಟೋಫಾಸ್ ಅನ್ನುವ ಕೀಟನಾಶಕ ಕಟ್ಟುತ್ತಿದ್ದೆವು, ಹುಳು ಬೇಗ ಸಾಯುತ್ತಿತ್ತು. ಈಗ ಆ ದಾರಿ ಮುಚ್ಚಿದೆ. ತೋಟಗಾರಿಕೆ ಇಲಾಖೆಯಿಂದ ಗೋನಿಯೋಜಸ್ ಅನ್ನುವ ಪರೋಪಜೀವಿ ಕಣಜ ತಂದು ಬಿಟ್ಟೆವು. ಕೇಳಿದ ತಕ್ಷಣ ಸಿಗುವುದಿಲ್ಲ, ಸರದಿ ಇರುತ್ತದೆ. ಒಂದು ಸಲ ಬಿಟ್ಟರೆ ಸಾಲದು, ಎರಡು ವಾರಕ್ಕೊಮ್ಮೆ ಬಿಡುತ್ತಾ ಹೋಗಬೇಕು. ನಮ್ಮ ತೋಟಕ್ಕೆ ಮಾತ್ರ ಬಿಟ್ಟರೆ ಪಕ್ಕದಿಂದ ಹುಳು ಮತ್ತೆ ಬರುತ್ತದೆ. ಆಗ ಪಕ್ಕದ ಅಣ್ಣನೇ "ನಮಗೂ ಒಂದಿಷ್ಟು ಬಾಟ್ಲಿ ತಂದ್ಬಿಡು" ಅಂದರು. ಹುಳು ಹತೋಟಿಗೆ ಬರಲು ತಿಂಗಳುಗಳೇ ಹಿಡಿದವು. ಆ ದಿನಗಳಲ್ಲಿ ಕಂದಿದ ಮರ ನೋಡುತ್ತಾ ನಿದ್ದೆ ಬರುತ್ತಿರಲಿಲ್ಲ. ಎಲ್ಲ ಬಿಟ್ಟುಬಿಡೋಣ ಅನ್ನಿಸಿದ್ದು ಆಗ.

ತೆಂಗಿನಲ್ಲಿ ಇನ್ನೊಂದು ಮೋಸ ಇದೆ. ಗೊಬ್ಬರ ನಿಲ್ಲಿಸಿದ ವರ್ಷ ಇಳುವರಿ ಇಳಿಯುವುದಿಲ್ಲ. ಹೊಂಬಾಳೆ ಮರದೊಳಗೆ ಮೊಳೆಯುವುದರಿಂದ ಕಾಯಿ ಬಲಿಯುವ ತನಕ ಮೂರು ವರ್ಷಕ್ಕೂ ಜಾಸ್ತಿ ಹಿಡಿಯುತ್ತದೆ. ಹಾಗಾಗಿ "ನೋಡಿ, ಏನೂ ಕಡಿಮೆಯಾಗಿಲ್ಲ" ಅಂತ ಮೊದಲ ವರ್ಷ ಎಲ್ಲರಿಗೂ ಹೇಳಿಕೊಂಡು ಬರಬೇಡಿ. ನಮ್ಮಲ್ಲಿ ಕಾಯಿ ಎದ್ದುಕಾಣುವಷ್ಟು ಕಡಿಮೆಯಾದದ್ದು ಮೂರನೇ ವರ್ಷ. ಅಷ್ಟರಲ್ಲಿ ಹಸಿರೆಲೆ ಗೊಬ್ಬರ ಮಣ್ಣಿಗೆ ಸೇರಿದ್ದರಿಂದ ಆಮೇಲೆ ಚೇತರಿಸಿಕೊಂಡಿತು.

ಇನ್ನು ಮಣ್ಣು, ನೀರು. ಶುರುವಿನಲ್ಲಿ ಮಣ್ಣಿನ ಸಾವಯವ ಇಂಗಾಲ 0.42 ಪರ್ಸೆಂಟ್ ಇತ್ತು. 0.5ಕ್ಕಿಂತ ಕೆಳಗಿದ್ದರೆ ಕಡಿಮೆ ಅಂತ ವರದಿಯಲ್ಲಿ ಬರೆಯುತ್ತಾರೆ. ಈಗ 0.58, ಅಂದರೆ ಮಧ್ಯಮ. ಕಣ್ಣಿಗೆ ಕಾಣುವುದು ಇದಕ್ಕಿಂತ ಜಾಸ್ತಿ. ಗರಿ, ಸಿಪ್ಪೆ ಎಲ್ಲ ಬುಡಕ್ಕೇ ಮುಚ್ಚುತ್ತೇವೆ, ಸರಿಸಿದರೆ ಎರೆಹುಳು ಕಾಣುತ್ತವೆ, ನೀರು ಬಿಡುವ ಅಂತರ ಹೆಚ್ಚಾಗಿದೆ, ಕರೆಂಟಿಗೆ ಕಾಯುವ ತಾಪತ್ರಯ ಅಷ್ಟರಮಟ್ಟಿಗೆ ಕಡಿಮೆ. ಹುಚ್ಚೆಳ್ಳು ಹೂವಿಗೆ ಜೇನು ಬರುತ್ತದೆ. ಆದರೆ ಬೋರ್‌ವೆಲ್ ನೀರಿನಲ್ಲಿ ಗೊಬ್ಬರದಿಂದ ಸೇರುವ ನೈಟ್ರೇಟ್ ಇಳಿದಿಲ್ಲ. ಇಳಿಯುವ ಮಾತೂ ಇಲ್ಲ, ಯಾಕೆಂದರೆ ಅಂತರ್ಜಲ ನಮ್ಮ ಪಹಣಿ ನೋಡಿ ಹರಿಯುವುದಿಲ್ಲ. ಸುತ್ತಲಿನವರು ಹಾಕಿದ್ದೂ ಅದರಲ್ಲೇ ಸೇರುತ್ತದೆ. ಕಳೆಗೆ ಅಂತ ಟ್ರ್ಯಾಕ್ಟರ್ ಓಡಿಸುವುದು ಹೆಚ್ಚಾಯಿತು, ಡೀಸೆಲ್ ಸುಟ್ಟದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು.

2024ರ ರಾಗಿಗೆ ಪೂರ್ತಿ ಸಾವಯವ ಅಂತ ಪತ್ರ ಸಿಕ್ಕಿತು. ಎಕರೆಗೆ ಹನ್ನೊಂದು ಕ್ವಿಂಟಲ್ ಬಂತು. ಪತ್ರ ಕೈಯಲ್ಲಿ ಹಿಡಿದು ಬೆಂಗಳೂರಿನ ಅಂಗಡಿಯೊಂದಕ್ಕೆ ಫೋನ್ ಮಾಡಿದೆ. ಆಗ ಗೊತ್ತಾದದ್ದು, ಗುಂಪಿನ ಪ್ರಮಾಣಪತ್ರ ಗುಂಪಿನದ್ದೇ, ನನ್ನದಲ್ಲ. ನಾನು ಒಬ್ಬನೇ ಅದನ್ನು ತೋರಿಸಿ ಮಾರುವ ಹಾಗಿಲ್ಲ. ಮಾರಾಟ ಗುಂಪಿನ ಮೂಲಕವೇ ಆಗಬೇಕು, ಪ್ರತಿ ಲೋಡಿಗೂ ಪ್ರತ್ಯೇಕ ವಹಿವಾಟು ಪತ್ರ ತೆಗೆಸಬೇಕು. ಸೇರುವಾಗ ಸಹಿ ಹಾಕಿದ ಒಪ್ಪಂದದಲ್ಲಿ ಇದೆಲ್ಲ ಇರುತ್ತದೆ, ಯಾರೂ ಓದಿ ಹೇಳುವುದಿಲ್ಲ. ನೀವು ಓದಿ. ಪಿಜಿಎಸ್‌ನಲ್ಲಿ ಹೀಗಿಲ್ಲ, ಅಲ್ಲಿ ರೈತನ ಹೆಸರಿಗೇ ಪತ್ರ ಬರುತ್ತದೆ.

ಗುಂಪಿನ ಖರೀದಿದಾರರು ರಾಗಿಗೆ ಕ್ವಿಂಟಲ್‌ಗೆ 5,000 ಅಂದರು. ಆ ಹಂಗಾಮಿನ ಬೆಂಬಲ ಬೆಲೆ 4,290. ಏಳುನೂರು ರೂಪಾಯಿ ಜಾಸ್ತಿ ಸಿಕ್ಕಿತಲ್ಲ ಅಂತ ಖುಷಿಪಟ್ಟೆವು. ಗೋಣಿಚೀಲ, ಸಾಗಣೆ, ಪರೀಕ್ಷೆಯ ಪಾಲು ಕಳೆದಾಗ ಅದರಲ್ಲಿ ಅರ್ಧ ಉಳಿಯಿತು. ಮುಂದಿನ ಹಂಗಾಮಿಗೆ ಬೆಂಬಲ ಬೆಲೆ 4,886ಕ್ಕೆ ಏರಿತು. ಖರೀದಿದಾರರು ತಮ್ಮ ದರವನ್ನು 5,200ಕ್ಕೆ ನಿಲ್ಲಿಸಿದರು. ಖರೀದಿ ಕೇಂದ್ರದಲ್ಲಿ ಸಾವಯವ ರಾಗಿಗೂ ಯೂರಿಯಾ ರಾಗಿಗೂ ಒಂದೇ ಬೆಲೆ. ಆ ಬೆಲೆ ಏರಿದಷ್ಟೂ ನಮ್ಮ ಪತ್ರದ ಬೆಲೆ ಇಳಿಯುತ್ತದೆ.

ತೆಂಗಿನ ಕತೆ ಬೇರೆ. 2025ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಹಿಂದೆಂದೂ ಕಾಣದ ಬೆಲೆಗೆ ಹೋಯಿತು. ಅಲ್ಲಿ ಹರಾಜಿನಲ್ಲಿ ಸಾವಯವ ಅಂತ ಯಾರೂ ಕೇಳುವುದಿಲ್ಲ. ಆದರೆ ಎಣ್ಣೆ, ಪುಡಿ ಮಾಡಿ ಹೊರಗೆ ಕಳಿಸುವವರು ಸುಲಿದ ಕಾಯಿಗೆ ಮಾರುಕಟ್ಟೆ ದರದ ಮೇಲೆ ಹತ್ತು ಪರ್ಸೆಂಟ್ ಕೊಡುತ್ತಾರೆ. ಬೆಲೆ ಎತ್ತರದಲ್ಲಿದ್ದಾಗ ಆ ಹತ್ತು ಪರ್ಸೆಂಟ್ ನಿಜವಾದ ದುಡ್ಡು. ದುಡ್ಡು ಕೈಗೆ ಬರಲು ಮಾತ್ರ ತಿಂಗಳ ಮೇಲಾಗುತ್ತದೆ. ತಿಪಟೂರಿನಲ್ಲಿ ಮಾರಿದವರಿಗೆ ಅಷ್ಟು ಕಾಯುವ ಕೆಲಸ ಇಲ್ಲ.

ಅದರ ಮಧ್ಯೆ 2025ರ ಜನವರಿಯಲ್ಲಿ ಎನ್‌ಪಿಒಪಿಯ ಹೊಸ ನಿಯಮಗಳು ಬಂದವು. ಗುಂಪು ಸುಮ್ನೆ ಪುಸ್ತಕದ ಮೇಲಿದ್ದರೆ ಆಗದು, ಸಹಕಾರ ಸಂಘವೋ ಉತ್ಪಾದಕರ ಸಂಸ್ಥೆಯೋ ಆಗಿ ಕಾನೂನುಬದ್ಧವಾಗಿ ನೋಂದಣಿ ಆಗಿರಬೇಕು. ಮತ್ತೆ ಸಭೆ, ಷೇರು ದುಡ್ಡು, ಆಧಾರ್ ಜೆರಾಕ್ಸ್. ಪರಿವರ್ತನೆ ಮುಗಿಸಿದ ಹಿರಿಯರೊಬ್ಬರು "ಇನ್ನೊಂದು ಸಹಿ ಹಾಕು ಅಂದ್ರೆ ನಾನು ಯೂರಿಯಾಕ್ಕೇ ವಾಪಸ್ ಹೋಗ್ತೀನಿ" ಅಂದರು. ಹೋಗಲಿಲ್ಲ, ಸಹಿ ಹಾಕಿದರು. ಈಗ ಗುಂಪಿಗೆ ಸೇರುವವರು ನೋಂದಣಿಯ ಪತ್ರ ಮೊದಲು ಕೇಳಿ ನೋಡಿ.

ಪ್ರಮಾಣಪತ್ರ ವರ್ಷಕ್ಕೊಮ್ಮೆ ನವೀಕರಣ ಆಗಬೇಕು. ಈ ಸಲ ತೆಂಗನ್ನು ಮಾತ್ರ ಅದರಲ್ಲಿ ಉಳಿಸಿಕೊಂಡಿದ್ದೇವೆ. ರಾಗಿ ಹೊಲಕ್ಕೂ ರಾಸಾಯನಿಕ ಮುಟ್ಟಿಸುವುದಿಲ್ಲ, ಆದರೆ ಪತ್ರ ಬೇಡ ಅಂದೆ. ತಮ್ಮನ ಅಪಾರ್ಟ್‌ಮೆಂಟಿನ ಕೆಲವು ಮನೆಗಳು ನೇರವಾಗಿ ತೆಗೆದುಕೊಳ್ಳುತ್ತವೆ. ವರ್ಷಕ್ಕೆ 12 ಲಕ್ಷದೊಳಗೆ ವಹಿವಾಟು ಇರುವ ಸಣ್ಣ ರೈತ ತಿನ್ನುವವರಿಗೇ ನೇರ ಮಾರಿದರೆ ಆಹಾರ ಸುರಕ್ಷತೆಯ ಸಾವಯವ ನಿಯಮದಲ್ಲಿ ಪ್ರಮಾಣಪತ್ರದಿಂದ ವಿನಾಯಿತಿ ಇದೆ, ಸಾವಯವ ಆಹಾರದ ಸರ್ಕಾರಿ ಗುರುತಾದ ಜೈವಿಕ್ ಭಾರತ್ ಮುದ್ರೆ ಮಾತ್ರ ಹಾಕುವ ಹಾಗಿಲ್ಲ. ಕಿಲೋಗೆ ಅರವತ್ತು ಕೊಡುತ್ತಾರೆ, ಹಿಟ್ಟು ಮಾಡಿಸಿ ಕೊಟ್ಟರೆ ಇನ್ನಷ್ಟು. ಪತ್ರ ಕೇಳಿದವರು ಇದುವರೆಗೆ ಯಾರೂ ಇಲ್ಲ. ಒಬ್ಬರು ಹೊಲ ನೋಡಬೇಕು ಅಂತ ಸಂಸಾರ ಸಮೇತ ಬಂದಿದ್ದರು, ಹೋಗುವಾಗ ಅವರೆಕಾಯಿಯನ್ನೂ ಕೊಂಡುಕೊಂಡು ಹೋದರು.